ಮಣಿಬೇಲಿ

೧೧ ಜೂನ್ ೧೯೮೯

ಪ್ರೀತಿಯ ಅಣ್ಣನಿಗೆ,

ಕಲ್ಲಿನ ಪೊಟ್ಟಣ ನಿನ್ನೆ ಮಧ್ಯಾಹ್ನ ಬಂತು. ಅಂಚೆಯವನು ಅದನ್ನು ಮೆಟ್ಟಿಲ ಮೇಲೆ ಕುಕ್ಕಿ, "ಏನಮ್ಮಾ, ನಿಮ್ಮಣ್ಣ ಕಲ್ಲು ಬಿಟ್ಟು ಬೇರೇನೂ ಕಳಿಸೋದೇ ಇಲ್ವಾ? ನನ್ನ ಭುಜ ಬಿದ್ದುಹೋಯ್ತು" ಎಂದ. ಗೊಣಗುವುದರಲ್ಲಿ ನನ್ನನ್ನು ಮೀರಿಸುವವನೊಬ್ಬ ಈ ಬೀದಿಯಲ್ಲಿ ಇದ್ದಾನೆಂದು ತಿಳಿದು ನಿನಗೆ ಖುಷಿಯಾಗಬಹುದು. ನನಗೆ 'ಗೊಣಗಿ' ಎಂದು ಹೆಸರಿಟ್ಟವನು ನೀನೇ ತಾನೆ.

ಒಳಗೆ ಪಾಚಿ ಬೆಳೆದಂತೆ ಕಾಣುವ ಆ ಹಸಿರು ಕಲ್ಲನ್ನು ನೋಡಿ ನಮ್ಮ ಅಂಗಡಿಯಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವರ ಒಡವೆ ಅಂಗಡಿಗೆ ನಾನು ಮನೆಯಲ್ಲೇ ಕೂತು ಮಣಿ ಕೆಲಸ ಮಾಡಿಕೊಡಲು ಶುರುಮಾಡಿದ ಮೇಲೆ ಆಕೆ ಸುಮ್ಮನಿದ್ದದ್ದು ಇದೇ ಮೊದಲು. ಚಳಿಗಾಲಕ್ಕೆ ದೊಡ್ಡ ಪ್ರದರ್ಶನ ಇದೆಯಂತೆ. "ನಿಮ್ಮಣ್ಣನ ಕೈಯ ಕಲ್ಲು ಎಷ್ಟು ಬಂದರೂ ತಗೊಳ್ತೀನಿ, ಜೋಡಿ ಜೋಡಿ ಇರಲಿ" ಎಂದರು. ಕಿವಿಗೆ ಹಾಕುವಂಥವು, ಒಂದಕ್ಕೊಂದು ಹೊಂದುವಂಥವು.

ತೂತು ಕೊರೆಯದೆ ಕಲ್ಲು ಹೇಗೆ ನಿಲ್ಲುತ್ತದೆ ಎಂದು ನೀನು ಕೇಳಿದ್ದೆ. ಕಲ್ಲನ್ನು ದಪ್ಪ ಬಟ್ಟೆಗೆ ಅಂಟಿಸಿ, ಅದರ ಬುಡದ ಸುತ್ತ ಸಣ್ಣ ಮಣಿಗಳನ್ನು ಹೊಲಿಯುತ್ತೇನೆ. ಅದರ ಮೇಲೊಂದು ಸುತ್ತು, ಮತ್ತೊಂದು ಸುತ್ತು. ಕೊನೆಯ ಸುತ್ತಿಗೆ ಇನ್ನೂ ಸಣ್ಣ ಮಣಿ ಹಾಕಿ ದಾರ ಎಳೆದರೆ, ಮಗುವಿನ ಟೋಪಿಯ ದಾರ ಬಿಗಿದಂತೆ, ಮಣಿಗಳೆಲ್ಲ ಒಳಕ್ಕೆ ಬಾಗಿ ಕಲ್ಲನ್ನು ಹಿಡಿದುಕೊಳ್ಳುತ್ತವೆ. ಇಲ್ಲಿ ಅದಕ್ಕೆ ಬೇಲಿ ಅನ್ನುತ್ತೇವೆ. ಕಲ್ಲಿನ ಅಡಿ ಸಮವಾಗಿರಬೇಕು, ಅಂಚು ನಯವಾಗಿರಬೇಕು, ಅಷ್ಟೆ. ನಿನ್ನ ಕಲ್ಲಿಗೆ ಬೇಲಿ ಹಾಕುವುದೆಂದರೆ ನನಗೆ ಆಟ.

ಸಾಣೆ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಅಪ್ಪನ ಕೆಮ್ಮು ನನಗೆ ಇನ್ನೂ ಒಮ್ಮೊಮ್ಮೆ ಕೇಳಿಸುತ್ತದೆ. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ಗೊಣಗಿ


೨ ಜುಲೈ ೧೯೮೯

ಪ್ರೀತಿಯ ಗೊಣಗಿಗೆ,

ಬಟ್ಟೆ ಕಟ್ಟಿಕೊಳ್ಳುತ್ತೇನೆ. ಬ್ಯಾಂಕಿಗೆ ನುಗ್ಗಲು ಹೊರಟವನ ಹಾಗೆ ಕಾಣುತ್ತೇನೆಂದು ನಿನ್ನ ಅತ್ತಿಗೆ ನಗುತ್ತಾಳೆ.

ಒಂದು ಸುದ್ದಿ. ಯಜಮಾನರ ಸಾಣೆ ಕಾರ್ಖಾನೆಗೆ ಹೋಗುವುದನ್ನು ಬಿಟ್ಟೆ. ಸಾಕಾಗಿತ್ತು. ಒಂದೇ ಕೋಣೆಯಲ್ಲಿ ಅಷ್ಟೊಂದು ಚಕ್ರ ತಿರುಗಿದರೆ ಪಕ್ಕದವನು ಬೈದದ್ದೂ ಕೇಳಿಸುವುದಿಲ್ಲ, ಬೈಸಿಕೊಂಡು ಏನು ಸುಖ? ಈಗ ಮನೆಯ ಹಿಂದಿನ ಕೋಣೆಯಲ್ಲಿ ನನ್ನದೇ ಚಕ್ರ. ಮನಸ್ಸು ಬಂದಾಗ ಸಾಣೆ ಹಿಡಿಯುತ್ತೇನೆ, ಮನಸ್ಸಿಲ್ಲದಾಗ ಕಿಟಕಿಯಲ್ಲಿ ಕೂರುತ್ತೇನೆ. ರಾಜನ ಬದುಕು.

ಇಷ್ಟು ಬಿಡುವು ಸಿಕ್ಕಿದೆಯಲ್ಲ, ಒಂದಷ್ಟು ದಿನ ನಿನ್ನ ಮನೆಗೆ ಬಂದಿರೋಣ ಎಂದುಕೊಂಡಿದ್ದೇನೆ. ನಿನ್ನ ಮಗಳು ಚಿನಕುರಳಿ ಮಾತಾಡುವುದನ್ನು ಕೇಳಬೇಕು. ನೆಗಡಿ ಒಂದು ಬಿಡದೆ ಕಾಡುತ್ತಿದೆ, ಕೆಮ್ಮೂ ಇದೆ ಸ್ವಲ್ಪ. ಅಲ್ಲಿ ದೊಡ್ಡ ಆಸ್ಪತ್ರೆ ಇದೆಯಲ್ಲ, ಹೇಗೂ ಬಂದವನು ತೋರಿಸಿಕೊಂಡೂ ಬರಬಹುದು. ಅವಸರವೇನಿಲ್ಲ. ಭಾವನನ್ನು ಕೇಳಿ ಬರೆ.

ಜೋಡಿ ಕಲ್ಲು ಆರಿಸಿ ಇಟ್ಟಿದ್ದೇನೆ. ನಿನ್ನ ಅಂಗಡಿಯಮ್ಮನ ಬಾಯಿ ಇನ್ನೊಂದು ಸಲ ಕಟ್ಟೋಣ.

ಅಣ್ಣ


೩೦ ಜುಲೈ ೧೯೮೯

ಪ್ರೀತಿಯ ಅಣ್ಣನಿಗೆ,

ಕಾರ್ಖಾನೆ ಬಿಟ್ಟದ್ದು ಕೇಳಿ ಎದೆಯ ಮೇಲಿನ ಭಾರ ಇಳಿದಂತಾಯಿತು. ಎಷ್ಟು ವರ್ಷದಿಂದ ಹೇಳುತ್ತಿದ್ದೆ!

ನೀನು ಬರುವುದೆಂದರೆ ನಮಗೆಲ್ಲ ಸಂತೋಷವೇ. ಆದರೆ ಈಗ ಮನೆಗೆ ಸುಣ್ಣ ಬಳಿಸುತ್ತಿದ್ದೇವೆ, ಸಾಮಾನೆಲ್ಲ ನಡುಮನೆಯಲ್ಲಿ ಗುಡ್ಡೆ ಬಿದ್ದಿದೆ. ಅದು ಮುಗಿಯುವಷ್ಟರಲ್ಲಿ ಇವರ ಚಿಕ್ಕಮ್ಮ ಬರುವವರಿದ್ದಾರೆ. ನಲ್ಲಿಯೂ ಕೆಟ್ಟಿದೆ, ನೀರನ್ನು ಕೆಳಗಿನ ಮನೆಯಿಂದ ತರಬೇಕು. ಇವರಿಗೆ ಮುದ್ರಣಾಲಯದಲ್ಲಿ ಎರಡು ಪಾಳಿ ಕೆಲಸ, ಹಗಲು ಮಲಗುತ್ತಾರೆ. ಇದೆಲ್ಲ ಒಂದು ಹದಕ್ಕೆ ಬರಲಿ. ನಾನೇ ಬರೆಯುತ್ತೇನೆ.

ನೆಗಡಿಗೆ ಬಿಸಿನೀರಿನ ಹಬೆ ತೆಗೆದುಕೋ. ಅಲ್ಲಿಯ ಡಾಕ್ಟರಿಗೆ ಒಮ್ಮೆ ತೋರಿಸು. ಎಲ್ಲ ಕೆಮ್ಮೂ ಅಪ್ಪನ ಕೆಮ್ಮಲ್ಲ, ಹೆದರಬೇಡ.

ಚಿನಕುರಳಿಗೆ ಮುಂದಿನ ಹಲ್ಲು ಬಿದ್ದಿದೆ. 'ಸೋದರಮಾವ' ಎನ್ನಲು ಹೋಗಿ 'ಥೋದರಮಾವ' ಎನ್ನುತ್ತಾಳೆ.

ನಿನ್ನ ಗೊಣಗಿ


೧೦ ಸೆಪ್ಟೆಂಬರ್ ೧೯೮೯

ಪ್ರೀತಿಯ ಗೊಣಗಿಗೆ,

ಒಂದೇ ಮನೆಗೆ ಒಂದೇ ತಿಂಗಳಲ್ಲಿ ಸುಣ್ಣ, ಚಿಕ್ಕಮ್ಮ, ನಲ್ಲಿ ಎಲ್ಲ ಒಟ್ಟಿಗೆ ಬಂದವಲ್ಲ, ಪಾಪ ಆ ಮನೆ! ತಮಾಷೆಗೆ ಅಂದೆ. ಬೇಸರ ಮಾಡಿಕೊಳ್ಳಬೇಡ.

ಹೋದ ಸಲ ನಾನು ಬಂದಾಗ ನಿಮ್ಮ ಹೊಸ ಕುರ್ಚಿಯಲ್ಲಿ ಕೂತು ಎದ್ದ ಮೇಲೆ ನೀನು ಅದನ್ನು ಬಟ್ಟೆಯಿಂದ ಒರೆಸಿದ್ದೆ. ನನ್ನ ಅಂಗಿಯ ಹೊಲಿಗೆಯಲ್ಲೆಲ್ಲ ಕಲ್ಲಿನ ಪುಡಿ ಕೂತಿರುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಅವತ್ತು ಭಾವನ ಸ್ನೇಹಿತರು ಬಂದಾಗ ನೀನು ನನ್ನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದೆ. ಅದರಲ್ಲಿ ತಪ್ಪೇನಿಲ್ಲ. ನೀನು ನಾಲ್ಕು ಜನರ ನಡುವೆ ಇರುವವಳು. ನನಗೆ ಅರ್ಥವಾಗುತ್ತದೆ ಎಂದು ಹೇಳಲು ಇಷ್ಟು ಬರೆದೆ. ಬರುವ ಮಾತು ಇಲ್ಲಿಗೆ ಬಿಡೋಣ.

ಕಲ್ಲು ಕಳಿಸಿದ್ದೇನೆ, ಸ್ವಲ್ಪ ಕಡಿಮೆ ಇವೆ. ಡಾಕ್ಟರಿಗೆ ತೋರಿಸಿದೆ. ಔಷಧ ಕೊಟ್ಟಿದ್ದಾರೆ. ಚಿನಕುರಳಿಯ ಹಲ್ಲು ಬೇಗ ಬರಲಿ, 'ಥೋದರಮಾವ' ಎಂದು ಹೇಳುವುದನ್ನು ಮಾತ್ರ ಮರೆಯದಿರಲಿ.

ಅಣ್ಣ


೫ ನವೆಂಬರ್ ೧೯೮೯

ಅಣ್ಣನಿಗೆ,

ನೀನು ಬರೆದದ್ದನ್ನು ಓದಿ ಮಡಿಸಿಟ್ಟು, ಮತ್ತೆ ಬಿಚ್ಚಿ ಓದಿದೆ. ಕುರ್ಚಿ ಒರೆಸಿದ್ದು ನನಗೆ ನೆನಪೇ ಇಲ್ಲ. ಒರೆಸಿರಬಹುದು, ನಾನು ದಿನಕ್ಕೆ ಹತ್ತು ಸಲ ಎಲ್ಲವನ್ನೂ ಒರೆಸುವವಳು. ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯಾ?

ಇರಲಿ. ಈಗ ಕಲ್ಲಿನ ಮಾತು. ಈ ಸಲ ಬಂದವು ಒಂದೂ ಸರಿಯಿಲ್ಲ. ಮೇಜಿನ ಮೇಲಿಟ್ಟರೆ ಅಲ್ಲಾಡುತ್ತವೆ, ಅಡಿ ಸಮವಿಲ್ಲ. ಪಟ್ಟೆ ಕಲ್ಲುಗಳ ಅಂಚನ್ನು ಮುಟ್ಟಿದರೆ ಬೆರಳು ಕೊಯ್ಯುತ್ತದೆ. ಜೋಡಿ ಎಂದು ಕಳಿಸಿದವುಗಳಲ್ಲಿ ಒಂದು ದಪ್ಪ, ಒಂದು ತೆಳು. ಒಂದು ಪದಕಕ್ಕೆ ಹೇಗೋ ಬೇಲಿ ಹಾಕಿ ಕೊಟ್ಟೆ. ಕೊಂಡವರ ಕೊರಳಲ್ಲೇ ಅಂಚಿಗೆ ದಾರ ತುಂಡಾಗಿ, ಮಣಿಯೆಲ್ಲ ಅವರ ಮನೆಯ ನೆಲದ ಮೇಲೆ ಚೆಲ್ಲಿದವಂತೆ. ಅಂಗಡಿಯಮ್ಮ ಎಲ್ಲರ ಎದುರು ಅದನ್ನು ನನ್ನ ಕೈಗೆ ಕೊಟ್ಟು, "ಇದು ನಿಮ್ಮಣ್ಣಂದೇನಾ?" ಎಂದು ಕೇಳಿದರು. ನೆಲ ಬಾಯಿ ಬಿಡಬಾರದೇ ಅನಿಸಿತು.

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರಿ. ಕಲ್ಲಿನ ಮೇಲೆ ತೋರಿಸಬೇಡ. ಆ ಕಲ್ಲು ಏನು ಮಾಡಿತ್ತು ನಿನಗೆ?

ತಂಗಿ


೨೬ ನವೆಂಬರ್ ೧೯೮೯

ಗೊಣಗಿಗೆ,

ಸಿಟ್ಟಿಲ್ಲ. ಚಕ್ರ ಹೊಸದು, ಕೈಗೆ ಇನ್ನೂ ಒಗ್ಗಿಲ್ಲ. ಮುಂದಿನ ಸಲ ಸರಿಯಿರುತ್ತವೆ. ಯಾವ ಕಲ್ಲಿನಲ್ಲಿ ಏನು ತಪ್ಪೆಂದು ಬಿಡಿಸಿ ಬರೆದದ್ದು ಒಳ್ಳೆಯದಾಯಿತು. ಇನ್ನು ಮುಂದೆಯೂ ಹಾಗೇ ಬರಿ.

ಅಣ್ಣ


೨೧ ಜನವರಿ ೧೯೯೦

ಪ್ರೀತಿಯ ಅಣ್ಣನಿಗೆ,

ಬಂದವು! ಬಿಚ್ಚಿದ ಕೂಡಲೇ ಒಂದೊಂದನ್ನೂ ಗಾಜಿನ ಮೇಲಿಟ್ಟು ನೋಡಿದೆ. ಒಂದಾದರೂ ಅಲ್ಲಾಡಬೇಕಲ್ಲ! ಅಂಚಿನ ಮೇಲೆ ರೇಷ್ಮೆ ದಾರ ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬೂದು ಬಣ್ಣದ ಜೋಡಿಯಂತೂ ಅವಳಿ ಮಕ್ಕಳ ಹಾಗಿದೆ. ಪ್ರದರ್ಶನದಲ್ಲಿ ಮೊದಲು ಹೋದದ್ದೇ ಅದು. ಅಂಗಡಿಯಮ್ಮ "ನಿಮ್ಮಣ್ಣನ ಕೈ ವಾಪಸ್ ಬಂತು ನೋಡಿ" ಎಂದರು. ನನಗೆ ಅಳು ಬಂತು. ಸಿಟ್ಟು ಇಳಿಯಿತಲ್ಲ ಎಂದು.

ಒಂದೇ ಒಂದು ಹೊಸತು ಕಂಡೆ. ಅಂಚಿಗೆ ಬರುವ ಮೊದಲು ಕಲ್ಲು ಒಂದು ಎಳೆಯಷ್ಟು ಹೊರಕ್ಕೆ ಉಬ್ಬಿ ಆಮೇಲೆ ಇಳಿಯುತ್ತದೆ. ಅದರಿಂದ ಬೇಲಿ ಜಾರುವುದಿಲ್ಲ, ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಎಲ್ಲಿ ಕಲಿತೆ?

ಇನ್ನೂ ಬೇಕಂತೆ. ಎಷ್ಟಾದರೂ ಕಳಿಸು. ನಿನಗೆ ಹೇಗಿದೆ? ಎರಡು ಸಾಲಿನ ಕಾಗದ ಬರೆಯುವ ಅಭ್ಯಾಸ ಬಿಡು.

ನಿನ್ನ ಗೊಣಗಿ


೨೫ ಫೆಬ್ರವರಿ ೧೯೯೦

ಅಣ್ಣನಿಗೆ,

ಕಲ್ಲೂ ಇಲ್ಲ, ಕಾಗದವೂ ಇಲ್ಲ. ಮತ್ತೆ ಏನಾಯಿತು? ನಾನು ಹೊಗಳಿದ್ದೂ ತಪ್ಪಾಯಿತೇ? ಒಂದು ಸಾಲಾದರೂ ಬರಿ, ಎರಡು ಸಾಲು ಬೇಡವೆಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಗೊಣಗಿ


೯ ಮಾರ್ಚ್ ೧೯೯೦

ನಾದಿನಿಗೆ ಅತ್ತಿಗೆ ಬರೆಯುವುದು.

ನಾನು ಕಾಗದ ಬರೆದು ರೂಢಿಯಿಲ್ಲದವಳು. ನಿಮ್ಮಣ್ಣ ಬರೆಯಬೇಡ ಎಂದಿದ್ದಾರೆ, ಆದರೂ ಬರೆಯುತ್ತಿದ್ದೇನೆ. ಈಗ ಅವರು ನಿದ್ದೆ ಮಾಡುತ್ತಿದ್ದಾರೆ. ನಿದ್ದೆ ಎಂದರೆ ದಿಂಬಿಗೆ ಒರಗಿ ಕೂತು ಕಣ್ಣು ಮುಚ್ಚಿರುವುದು. ಮಲಗಿದರೆ ಉಸಿರು ಸಿಗುವುದಿಲ್ಲ.

ಕಾರ್ಖಾನೆಯನ್ನು ಅವರು ಬಿಡಲಿಲ್ಲ. ಯಜಮಾನ ಕಳಿಸಿದ. ಒಂದು ಕಲ್ಲು ಮುಗಿಸುವಷ್ಟರಲ್ಲಿ ಎರಡು ಸಲ ಹೊರಗೆ ಹೋಗಿ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಇಲ್ಲಿಯ ಡಾಕ್ಟರು ಎದೆಯ ಚಿತ್ರ ತೆಗೆಸಿ, "ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದರು. ಆ ಊರಿನಲ್ಲಿ ಉಳಿಯಲು ನಮಗೆ ಬೇರೆ ಜಾಗವಿಲ್ಲ, ಅದಕ್ಕೇ ಅವರು ನಿನ್ನ ಮನೆಗೆ ಬರುತ್ತೇನೆಂದು ಬರೆದದ್ದು. ನೀನು ಸುಣ್ಣದ ಕತೆ ಬರೆದೆ.

ಸೆಪ್ಟೆಂಬರಿನಿಂದ ನಿನಗೆ ಬಂದ ಕಲ್ಲೆಲ್ಲ ನನ್ನ ಕೈಯವು. "ಗೊಣಗಿಗೆ ಮಾತು ಕೊಟ್ಟಿದ್ದೀನಿ, ನಿಲ್ಲಿಸಿದ್ರೆ ಅವಳಿಗೆ ಅನುಮಾನ ಬರುತ್ತೆ" ಎಂದು ನನ್ನನ್ನು ಚಕ್ರದ ಮುಂದೆ ಕೂರಿಸಿದರು. ತಾವು ಬಾಗಿಲ ಆಚೆ ಕೂತು, ಸದ್ದು ಕೇಳಿಯೇ ಹೇಳುತ್ತಿದ್ದರು: "ಒತ್ತಬೇಡ್ವೇ, ಕಲ್ಲು ಕಿರಿಚ್ತಾ ಇದೆ." "ಈಗ ಸರಿ, ಹಾಗೇ ತಿರುಗಿಸು." ನಾನು ಅಳುತ್ತಾ ಕಲಿತೆ. ನಿನ್ನ ನವೆಂಬರಿನ ಕಾಗದ ಬಂದಾಗ ಯಾವ ಕಲ್ಲಿನಲ್ಲಿ ಏನು ತಪ್ಪು ಎಂಬುದನ್ನು ಮಾತ್ರ ನನಗೆ ಓದಿ ಹೇಳಿದರು. ಬಿಟ್ಟದ್ದನ್ನು ನಾನು ಆಮೇಲೆ ಓದಿಕೊಂಡೆ.

ನೀನು ಹೊಗಳಿ ಬರೆದ ಕಾಗದ ಬಂದ ದಿನ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನೋಡೇ, ಗೊಣಗಿಗೇ ಗೊತ್ತಾಗ್ಲಿಲ್ಲ! ನೀನು ಗೆದ್ದೆ ಬಿಡು" ಎಂದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಅದು ಸಂಜೆಯಾದರೂ ನಿಲ್ಲಲಿಲ್ಲ. ಅವತ್ತಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ.

ಹೊಸ ವಿದ್ಯೆ ಎಂದು ನೀನು ಬರೆದ ಆ ಉಬ್ಬು ನನ್ನದು. ನನ್ನ ಕೈ ಅಲ್ಲಿ ತಾನಾಗಿ ತಡೆಯುತ್ತದೆ. ಅವರು ಸರಿಮಾಡಲು ನೋಡಿ ಬಿಟ್ಟುಬಿಟ್ಟರು.

ಬರುವುದಿದ್ದರೆ ಬೇಗ ಬಾ.

ಅತ್ತಿಗೆ


೧೩ ಮಾರ್ಚ್ ೧೯೯೦

ಅಣ್ಣಾ,

ಅತ್ತಿಗೆಯ ಕಾಗದ ಇವತ್ತು ಬಂತು. ಅವರನ್ನು ಬೈಯಬೇಡ.

ಮನೆಗೆ ಸುಣ್ಣ ಬಳಿಸಲಿಲ್ಲ. ಚಿಕ್ಕಮ್ಮ ಬರಲಿಲ್ಲ. ನಲ್ಲಿ ಚೆನ್ನಾಗಿಯೇ ಇತ್ತು. ನಿನ್ನ ಕಾಗದದಲ್ಲಿ ಕೆಮ್ಮು ಎಂಬ ಮಾತನ್ನು ಓದಿ ಇವರು ಬಿಳಿಚಿಕೊಂಡರು. ಇವರು ಚಿಕ್ಕವರಿದ್ದಾಗ ಇವರ ಅಕ್ಕ ಎದೆಯ ರೋಗದಿಂದ ಹೋದರಂತೆ. ಆಮೇಲೆ ಅದೇ ಮನೆಯಲ್ಲಿ ಇನ್ನೂ ಇಬ್ಬರು. ಹಾಸಿಗೆ, ಬಟ್ಟೆ, ಅಕ್ಕನ ಗೊಂಬೆ ಎಲ್ಲವನ್ನೂ ಅಂಗಳದಲ್ಲಿ ಸುಟ್ಟದ್ದನ್ನು ಇವರು ನಿಂತು ನೋಡಿದ್ದಾರೆ. "ನಿಮ್ಮಪ್ಪನಿಗೂ ಇದೇ ಕೆಮ್ಮು ತಾನೆ? ಮನೇಲಿ ಮಗು ಇದೆ ಕಣೇ. ನಾನು ಕೈ ಮುಗೀತೀನಿ, ಈಗ ಬೇಡ ಅಂತ ಬರಿ" ಎಂದರು. ನಾನು ಜಗಳವಾಡಲಿಲ್ಲ. ಮಗಳ ಮುಖ ನೋಡಿದೆ, ನನಗೂ ಹೆದರಿಕೆಯಾಯಿತು. ಇವರ ಭಯದ ಹಿಂದೆ ನನ್ನದನ್ನೂ ಅಡಗಿಸಿಕೊಂಡು ಸುಣ್ಣದ ಕತೆ ಬರೆದೆ. ನೀನು ನಾಚಿಕೆ ಎಂದುಕೊಂಡೆ. ನಿನ್ನ ಬಗ್ಗೆ ನನಗೆ ನಾಚಿಕೆಯೇ? ನಿನ್ನ ಕಲ್ಲು ತೋರಿಸಿ ತಾನೆ ನಾನು ಈ ಊರಿನಲ್ಲಿ ತಲೆ ಎತ್ತಿದ್ದು.

ಇವತ್ತು ದೊಡ್ಡ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹೇಳಿದರು: "ಕಲ್ಲಿನ ಧೂಳು ಎದೇಲಿ ಕೂತು ಬರೋದು ಅಂಟೋದಲ್ಲಮ್ಮ. ಆ ಧೂಳು ಕುಡಿದವರಿಗೆ ಮಾತ್ರ ಬರೋದು. ನಿಮ್ಮಣ್ಣನಿಗೆ ಇರೋದು ಅದೊಂದೇನಾ ಅಂತ ಕರ್ಕೊಂಡ್ ಬನ್ನಿ, ನೋಡಿ ಹೇಳ್ತೀನಿ." ಇಷ್ಟೇ ಮಾತು. ಜುಲೈನಲ್ಲೇ ಹೋಗಿ ಕೇಳಬಹುದಾಗಿತ್ತು.

ನಾಳೆ ಬಸ್ಸು ಹತ್ತುತ್ತೇನೆ. ಎಲ್ಲವನ್ನೂ ಎದುರು ಕೂತು ಹೇಳುತ್ತೇನೆ. ಹೇಳಲು ಬಾಯಿ ಬರದಿದ್ದರೆ ಎಂಬ ಹೆದರಿಕೆಗೆ ಇದನ್ನೂ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ಗೊಣಗಿ


೮ ಏಪ್ರಿಲ್ ೧೯೯೦

ಅತ್ತಿಗೆಗೆ,

ಸುಖವಾಗಿ ಬಂದು ಸೇರಿದೆ ಎಂದು ಬರೆಯುವುದು ರೂಢಿ. ಬಂದು ಸೇರಿದೆ.

ನಾನು ಅಲ್ಲಿದ್ದಷ್ಟು ದಿನವೂ ಅಣ್ಣನಿಗೆ ಹೇಳಬೇಕೆಂದು ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಬಾಯಿ ತೆರೆದರೆ ಅವನು ಕೈ ಎತ್ತಿ ಸುಮ್ಮನಿರು ಎನ್ನುತ್ತಿದ್ದ. ಮಾತಾಡಿದರೆ ಉತ್ತರ ಕೊಡಬೇಕಾಗುತ್ತದಲ್ಲ, ಅವನಲ್ಲಿ ಅಷ್ಟು ಉಸಿರಿರಲಿಲ್ಲ. ಚಿನಕುರಳಿಯ ಹಲ್ಲು ಬಂತೇ ಎಂದು ಮಾತ್ರ ಕೇಳಿದ. ಬಂತು ಎಂದೆ. ಇನ್ನೊಂದು ಸ್ವಲ್ಪ ಸುಧಾರಿಸಲಿ, ನಾಳೆ ಹೇಳೋಣ ಎಂದುಕೊಂಡೆ. ನನ್ನ ಕಾಗದವನ್ನು ಅಂಚೆಯವನು ತಂದುಕೊಟ್ಟದ್ದು ಅಣ್ಣ ಹೋದ ಮರುದಿನ. ಅದನ್ನು ನೀವು ಓದದೆ ನನ್ನ ಕೈಗೇ ಕೊಟ್ಟಿರಿ. ಅದು ಇಷ್ಟು ದಿನ ನನ್ನ ಚೀಲದಲ್ಲೇ ಇತ್ತು. ಈಗ ಈ ಕಾಗದದ ಜೊತೆ ಇಟ್ಟಿದ್ದೇನೆ. ನೀವಾದರೂ ಓದಿ.

ಮೊನ್ನೆ ನಿಮ್ಮ ಪೊಟ್ಟಣ ಬಂತು. ತೂಕದಿಂದಲೇ ತಿಳಿಯಿತು. ಇಷ್ಟು ಬೇಗ ಮತ್ತೆ ಚಕ್ರದ ಮುಂದೆ ಕೂತಿರೇ? ನಾನು ಅದನ್ನು ಬಿಚ್ಚದೆ ವಾಪಸ್ ಕಳಿಸಿದ್ದೇನೆ. ಆ ಕೋಣೆಯ ಧೂಳು ಏನು ಮಾಡುತ್ತದೆಂದು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅಂಗಡಿಯಮ್ಮನಿಗೆ ಬೇರೆ ಕಡೆಯಿಂದ ಕಲ್ಲು ತರಿಸಿಕೊಳ್ಳಿ ಎಂದಿದ್ದೇನೆ. ದಯವಿಟ್ಟು ಚಕ್ರ ಮಾರಿಬಿಡಿ.

ನಿಮ್ಮ ನಾದಿನಿ


೬ ಮೇ ೧೯೯೦

ನಾದಿನಿಗೆ,

ವಾಪಸ್ ಬಂದ ಪೊಟ್ಟಣ ಬಾಗಿಲಲ್ಲಿ ನೋಡಿದಾಗ ವಿಳಾಸ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ನಿನ್ನ ಅಕ್ಷರ ಕಂಡಿತು.

ಬೇರೆ ಕಡೆಯಿಂದ ಬರುವ ಕಲ್ಲು ಯಾರೂ ಸಾಣೆ ಹಿಡಿಯದೆ ತಾನಾಗಿ ನುಣುಪಾಗಿ ಬರುತ್ತದೇನು? ಅಲ್ಲಿಯೂ ಒಬ್ಬಳು ಕೂತಿರುತ್ತಾಳೆ. ಅವಳು ನಿನಗೆ ಕಾಗದ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಕ್ರ ಮಾರಿ ಏನು ಮಾಡಲಿ? ನನಗೆ ಗೊತ್ತಿರುವ ಕೆಲಸ ಅದೊಂದೇ, ಅದೂ ಅವರು ಕೊನೆಯ ಉಸಿರಿನಲ್ಲಿ ಕಲಿಸಿದ್ದು. ಚಕ್ರ ಬೇಡ ಎಂದು ನೀನು ಬರೆದೆ. ಕಲ್ಲು ಬೇಡ ಎಂದು ಬರೆದೆ. ಬನ್ನಿ ಎಂದು ಬರೆಯಲಿಲ್ಲ. ಇಡೀ ಕಾಗದ ಎರಡು ಸಲ ಓದಿದೆ, ಆ ಮಾತು ಎಲ್ಲೂ ಇಲ್ಲ.

ನೀನು ಕಳಿಸಿದ ಹಳೆಯ ಕಾಗದವನ್ನೂ ಓದಿದೆ. ಅವರು ನಿನ್ನ ಬಗ್ಗೆ ಏನೆಂದುಕೊಂಡು ಹೋದರೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಬರೆದು ನಿನಗೆ ಸಮಾಧಾನ ಹೇಳಬಹುದು, ನನಗೆ ಮನಸ್ಸಿಲ್ಲ.

ಯಜಮಾನ ಕಾರ್ಖಾನೆಯಲ್ಲಿ ಅವರ ಜಾಗಕ್ಕೆ ನನ್ನನ್ನು ಕರೆದಿದ್ದಾನೆ. ನಾಳೆಯಿಂದ ಹೋಗುತ್ತೇನೆ.

ಅತ್ತಿಗೆ


೧೭ ಜೂನ್ ೧೯೯೦

ಅತ್ತಿಗೆಗೆ,

ನಿಮ್ಮ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಎರಡನೆಯ ಕಾಗದ. ಮೊದಲನೆಯದು ತಲುಪಿತೋ ಇಲ್ಲವೋ. ನೀವು ಬರೆದದ್ದರಲ್ಲಿ ಒಂದು ಮಾತೂ ತಪ್ಪಿಲ್ಲ.

ಕಲ್ಲಿನ ಕೆಲಸ ಬಿಟ್ಟೆ. ಬೇರೆ ಕಡೆಯಿಂದ ಬಂದ ಕಲ್ಲು ಒಂದನ್ನು ಕೈಗೆ ತೆಗೆದುಕೊಂಡೆ, ಚೆನ್ನಾಗಿಯೇ ಇತ್ತು. ಬಟ್ಟೆಗೆ ಅಂಟಿಸಿ ಮೊದಲ ಸುತ್ತು ಹೊಲಿದೆ. ನೀವು ಹೇಳಿದ ಆ ಇನ್ನೊಬ್ಬಳು ಎದುರಿಗೆ ಬಂದು ಕೂತಂತಾಯಿತು. ಬಿಚ್ಚಿಬಿಟ್ಟೆ. ಈಗ ಬಟ್ಟೆಯ ಅಂಚಿಗೆ ಮಣಿ ಹೊಲಿದು ಕೊಡುತ್ತೇನೆ.

ಬನ್ನಿ ಎಂದು ಯಾಕೆ ಬರೆಯಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಇವರನ್ನು ಕೇಳಬೇಕಾಗಿತ್ತು, ಕೇಳಲು ಹೆದರಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಇವರಿಗೆ ಹೇಳಿದ್ದೇನೆ. ತಲೆ ಆಡಿಸಿದರು. ಅಂದಿನಿಂದ ಊಟಕ್ಕೆ ಕೂತರೂ ನನ್ನ ಮುಖ ನೋಡುವುದಿಲ್ಲ. ಅಣ್ಣನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ.

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ನಾದಿನಿ


೧೯ ಆಗಸ್ಟ್ ೧೯೯೦

ನಾದಿನಿಗೆ,

ನಿನ್ನ ಎರಡು ಕಾಗದವೂ ತಲುಪಿದ್ದವು. ಕಾರ್ಖಾನೆಯಿಂದ ಬರುವಷ್ಟರಲ್ಲಿ ಕೈ ಸೋತು ಹೋಗಿರುತ್ತದೆ, ಬರೆಯಲಿಲ್ಲ. ಸಿಟ್ಟೂ ಇತ್ತು.

ಈಗ ಬರೆಯುವ ಕಾರಣ ಬೇರೆ. ನನಗೂ ಕೆಮ್ಮು ಶುರುವಾಗಿದೆ. ಇವತ್ತು ನಿನ್ನೆಯದಲ್ಲ. ಅವರಿದ್ದಾಗಲೇ ಇತ್ತು, ಅವರ ಕೆಮ್ಮಿನ ನಡುವೆ ನನ್ನದು ಯಾರಿಗೂ ಕೇಳಿಸಲಿಲ್ಲ. ನೀರಿನ ಕೊಡ ಎತ್ತಿದರೆ ಉಸಿರು ಕಟ್ಟುತ್ತದೆ. ಇಲ್ಲಿಯ ಡಾಕ್ಟರು ಅವರಿಗೆ ಹೇಳಿದ್ದನ್ನೇ ನನಗೂ ಹೇಳಿದರು. ಕಾರ್ಖಾನೆಗೆ ಹೋಗುವುದನ್ನು ಹೋದ ವಾರ ನಿಲ್ಲಿಸಿದೆ.

ದೊಡ್ಡ ಆಸ್ಪತ್ರೆಯ ವಿಳಾಸ, ಯಾವ ದಿನ ನೋಡುತ್ತಾರೆ, ಎಷ್ಟು ಹೊತ್ತಿಗೆ ಹೋಗಬೇಕು ಇಷ್ಟನ್ನು ಬರೆದು ಕಳಿಸಿದರೆ ಸಾಕು. ಬೆಳಗಿನ ಬಸ್ಸಿಗೆ ಬಂದು ತೋರಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಅವತ್ತೇ ಆಗದಿದ್ದರೆ ಬಸ್ ನಿಲ್ದಾಣದಲ್ಲಿ ಹೆಂಗಸರ ಕೋಣೆ ಇದೆಯಂತೆ, ಅಲ್ಲಿ ಉಳಿದುಕೊಳ್ಳುತ್ತೇನೆ. ನಿನಗೆ, ಭಾವನವರಿಗೆ ತೊಂದರೆ ಬೇಡ. ಅವರ ಹೆದರಿಕೆಯನ್ನು ನಿನ್ನ ಹಳೆಯ ಕಾಗದದಲ್ಲಿ ಓದಿದ್ದೇನೆ. ಮನೆಯಲ್ಲಿ ಸಾವು ನೋಡಿದವರ ಹೆದರಿಕೆ ಡಾಕ್ಟರು ಹೇಳಿದ ಮಾತಿಗೆ ಹೋಗುವುದಿಲ್ಲ. ನನಗೆ ಅದು ಈಗ ಗೊತ್ತಾಗುತ್ತದೆ.

ಅತ್ತಿಗೆ


೨೪ ಆಗಸ್ಟ್ ೧೯೯೦

ಅತ್ತಿಗೆ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇವರ ಜೇಬಿನಲ್ಲಿ ಇಟ್ಟು ಕಳಿಸುತ್ತಿದ್ದೇನೆ.

ನಿಮ್ಮ ಕಾಗದ ಬಂದಾಗ ನಾನು ಅಂಗಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಇವರು ಓದಿ, ಮಡಿಸಿ, ಮೇಜಿನ ಮೇಲೆ 'ದೊಡ್ಡ ಆಸ್ಪತ್ರೆ' ಎಂದು ಒಂದು ಚೀಟಿಯಲ್ಲಿ ಬರೆದು ಕೂತಿದ್ದರು. ವಿಳಾಸ ಬರೆಯಲು ಹೊರಟಿದ್ದಾರೆ ಎಂದುಕೊಂಡೆ. ಚೀಟಿಯಲ್ಲಿ ಮುಂದೆ ಏನೂ ಬರೆದಿರಲಿಲ್ಲ.

"ಬಸ್ ನಿಲ್ದಾಣದಲ್ಲಿ ಮಲಗ್ತಾರಂತೆ ಕಣೇ" ಎಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡದೆ ನಿಂತುಕೊಂಡೆ. ಕೊನೆಗೆ ಇವರೇ ಬಂದು ಬಾಗಿಲಿಗೆ ಒರಗಿ, "ನನಗೆ ಹೆದರಿಕೆ ಹೋಗಿಲ್ಲ. ಹೋಗುತ್ತೆ ಅಂತ ಕಾದರೆ ನಿಮ್ಮ ಅತ್ತಿಗೆಯೂ ಹೋಗ್ಬಿಡ್ತಾರೆ. ಆ ಉಸಿರಲ್ಲಿ ಒಬ್ಬರೇ ಬಸ್ ಹತ್ತೋದು ಬೇಡ, ನಾನೇ ಹೋಗಿ ಕರ್ಕೊಂಡ್ ಬರ್ತೀನಿ" ಎಂದರು. ಹೇಳುತ್ತಾ ಅತ್ತರು. ಇವರು ಅಳುವುದನ್ನು ನಾನು ನೋಡಿರಲಿಲ್ಲ. ಅಕ್ಕನಿಗೆ ಅತ್ತರೋ ಅಣ್ಣನಿಗೆ ಅತ್ತರೋ, ನಾನು ಕೇಳಲಿಲ್ಲ.

ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಒಳ್ಳೆಯದನ್ನೇ ಹೇಳುತ್ತಾರೆ ಎಂದು ಬರೆಯಲು ನನಗೂ ಮನಸ್ಸಿಲ್ಲ. ಕಿಟಕಿಯ ಪಕ್ಕದ ಮಂಚ ನಿಮಗೆ. ದಿಂಬು ಜಾಸ್ತಿ ಹೊಲಿಸಿದ್ದೇನೆ, ಒರಗಿ ಕೂರಬಹುದು. ಚಿನಕುರಳಿ ನಿಮ್ಮ ಪಕ್ಕದಲ್ಲೇ ಮಲಗುತ್ತೇನೆಂದು ಹಟ ಹಿಡಿದಿದ್ದಾಳೆ. ಇವರು ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಡಾಕ್ಟರು ನೋಡಿ ಹೇಳುವವರೆಗೆ ಅವಳು ನನ್ನ ಬಳಿ ಇರಲಿ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಇವರು ಸಂಕೋಚದ ಮನುಷ್ಯ. ನಿಮ್ಮ ಮನೆಯ ಹೊಸ್ತಿಲಾಚೆಯೇ ನಿಂತುಬಿಡಬಹುದು. ಆಗ ಬೈಯಬೇಡಿ, ಅತ್ತಿಗೆ. ಒಳಗೆ ಕರೆದು, ಕುರ್ಚಿ ಕೊಟ್ಟು, ಒಂದು ಲೋಟ ನೀರು ಕೊಡಿ. ಅವರು ಕುಡಿದು ಮುಗಿಸಲಿ. ಆಮೇಲೆ ಬಾಗಿಲು ಹಾಕಿಕೊಂಡು, ಅವರ ಜೊತೆ ಬನ್ನಿ.

ನಿಮ್ಮ ನಾದಿನಿ